ಕಾಲೇಜಿನಲ್ಲಿ ಕಿಂಗ್ ದಿನ ನಡೆಸುವುದು ಹೇಗೆ: ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ

1955ರ ಡಿಸೆಂಬರ್ 1, ಗುರುವಾರ ರಾತ್ರಿ. ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಹಿಡಿದ ಸುದ್ದಿ ಜೋ ಆನ್ ರಾಬಿನ್ಸನ್ ಅವರಿಗೆ ಮುಟ್ಟಿತು. ಆಕೆ ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ನಡುರಾತ್ರಿ ಒಬ್ಬ ಸಹೋದ್ಯೋಗಿಯನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಕಾಲೇಜಿಗೆ ಹೋಗಿ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಸೋಮವಾರ ಯಾರೂ ಬಸ್ ಹತ್ತಬೇಡಿ ಎಂಬ ಒಕ್ಕಣೆಯನ್ನು ಒಂದೊಂದು ಹಾಳೆಯಲ್ಲಿ ಮೂರು ಸಲ ಅಚ್ಚು ಹಾಕಿದರು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಚೀಟಿಗಳು ಕತ್ತರಿಸಿ, ಕಟ್ಟು ಕಟ್ಟಿ ಸಿದ್ಧವಾಗಿದ್ದವು. ಎಂಟು ಗಂಟೆಗೆ ಆಕೆಗೆ ಕ್ಲಾಸಿತ್ತು, ಹೋಗಿ ಪಾಠ ಮಾಡಿದರು. ಆ ಚೀಟಿಗಳಿಂದ ಶುರುವಾದ ಬಸ್ ಬಹಿಷ್ಕಾರ 381 ದಿನ ನಡೆಯಿತು.

ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನ ರಜಾದಿನವೇ ಕಿಂಗ್ ದಿನ. ನಮ್ಮ ಕಾಲೇಜಿನ ಕಿಂಗ್ ದಿನದ ಸಮಿತಿಯ ಮೊದಲ ಸಭೆಯಲ್ಲಿ ನಾನು ಪ್ರತಿ ವರ್ಷ ಹೇಳುವುದು ಈ ಕಥೆಯನ್ನೇ. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಹೊರಗಿನ ಊರುಗಳಿಗೆ ಗೊತ್ತಾಗುವ ಮೊದಲೇ ಒಂದು ಕಾಲೇಜಿನ ಯಂತ್ರ, ಕಾಲೇಜಿನ ಮೇಷ್ಟ್ರು, ಕಾಲೇಜಿನ ಹುಡುಗರು ಕೆಲಸಕ್ಕೆ ಇಳಿದಿದ್ದರು. ಕಾಲೇಜುಗಳು ಈ ಚಳವಳಿಯನ್ನು ದೂರದಲ್ಲಿ ನಿಂತು ನೋಡಿದವಲ್ಲ, ಅದನ್ನು ಹೆತ್ತವು. ಹಾಗಿರುವಾಗ ಕಾಲೇಜೇ ಅದನ್ನು ಒಂದು ಭಾಷಣ, ಒಂದು ತಿಂಡಿ, ಒಂದು ಗುಂಪು ಫೋಟೋಕ್ಕೆ ಇಳಿಸಿದರೆ ನನಗೆ ನೋವಾಗುತ್ತದೆ. ನಮ್ಮೂರ ಶಾಲೆಗಳಲ್ಲಿ ಗಾಂಧಿ ಜಯಂತಿಯನ್ನು ಕಾಟಾಚಾರಕ್ಕೆ ಮುಗಿಸಿದ ದಿನಗಳನ್ನು ಕಂಡವರಿಗೆ ಈ ನೋವು ಹೊಸದೇನಲ್ಲ.

ನಾನು ಅಮೆರಿಕದ ಒಂದು ಸಣ್ಣ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಗೆ ಓದಲು, ಪಾಠ ಮಾಡಲು, ಕೆಲಸಕ್ಕೆ ಬಂದಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಿಂಗ್ ದಿನದ ಸಮಿತಿಗೆ ಬನ್ನಿ ಎಂದಾಗ "ಅದು ಅವರ ಹಬ್ಬ, ನಾವೇಕೆ ನಡುವೆ" ಎಂದು ನಮ್ಮವರು ಹಿಂಜರಿಯುವುದನ್ನು ಬಹಳ ಸಲ ನೋಡಿದ್ದೇನೆ. ಒಂದು ಲೆಕ್ಕ ಹೇಳುತ್ತೇನೆ. 1946ರ ಕಾನೂನಿನ ಪ್ರಕಾರ ಭಾರತದಿಂದ ಅಮೆರಿಕಕ್ಕೆ ವಲಸೆ ಬರಲು ವರ್ಷಕ್ಕೆ 100 ಜನರಿಗೆ ಮಾತ್ರ ಅವಕಾಶವಿತ್ತು. ಹುಟ್ಟಿದ ದೇಶ ನೋಡಿ ಪಾಲು ಹಂಚುವ ಆ ಪದ್ಧತಿಯನ್ನು ತೆಗೆದುಹಾಕಿದ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಆಗಸ್ಟ್‌ನ ಮತದಾನದ ಹಕ್ಕಿನ ಕಾಯ್ದೆ, ಇವುಗಳ ಬೆನ್ನಿಗೇ ಬಂದ ಕಾನೂನು ಅದು. ಕಪ್ಪು ಜನ ಲಾಠಿ ಏಟು ತಿಂದು ತೆರೆದ ಬಾಗಿಲಿನಿಂದಲೇ ನಾವು ಒಳಗೆ ಬಂದಿದ್ದೇವೆ.

ಸೆಪ್ಟೆಂಬರ್: ಸಮಿತಿ, ಅನುಮತಿ, ಹಣ

ಜನವರಿಯ ಮೂರನೇ ಸೋಮವಾರ ಕಿಂಗ್ ದಿನ. 2027ರಲ್ಲಿ ಅದು 18ನೇ ತಾರೀಕು, 2028ರಲ್ಲಿ 17. ಬಹಳಷ್ಟು ಕಾಲೇಜುಗಳಲ್ಲಿ ಚಳಿಗಾಲದ ರಜೆ ಮುಗಿದು ಸೆಮಿಸ್ಟರ್ ಶುರುವಾಗುವುದೂ ಅದೇ ಸುಮಾರಿಗೆ. ಡಿಸೆಂಬರ್‌ನಲ್ಲಿ ಪರೀಕ್ಷೆ, ಆಮೇಲೆ ಹಾಸ್ಟೆಲ್ ಖಾಲಿ. ಜನವರಿಯಲ್ಲಿ ತಯಾರಿ ಶುರು ಮಾಡಿದವರಿಗೆ ಸಿಗುವುದು ನಾಲ್ಕೈದು ದಿನ ಮಾತ್ರ. ಆದ್ದರಿಂದ ಮೊದಲ ಸಭೆ ಸೆಪ್ಟೆಂಬರ್‌ನಲ್ಲೇ ಆಗಬೇಕು.

ಸಮಿತಿಯಲ್ಲಿ ಎಂಟರಿಂದ ಹನ್ನೆರಡು ಜನ ಸಾಕು. ಮುಂದಾಳತ್ವ ಕಪ್ಪು ವಿದ್ಯಾರ್ಥಿಗಳ ಸಂಘದ್ದಾಗಿರಲಿ. ಅವರನ್ನು ಕೊನೆಗೆ ಕರೆದು "ಹಾಡೊಂದು ಹಾಡಿ" ಎನ್ನುವ ಪದ್ಧತಿ ಅನೇಕ ಕಡೆ ಇದೆ, ಅದು ಅವಮಾನ. ಇಬ್ಬರು ಅಧ್ಯಾಪಕರು, ಗ್ರಂಥಾಲಯದಿಂದ ಒಬ್ಬರು, ಪ್ರಾರ್ಥನಾ ಮಂದಿರದ ಹೊಣೆ ಹೊತ್ತವರು, ಊರಿನ ಕಪ್ಪು ಜನರ ಚರ್ಚಿನಿಂದ ಒಬ್ಬರು ಇರಲಿ. ಜೊತೆಗೆ ಕಸ ಗುಡಿಸುವ, ಅಡುಗೆ ಮಾಡುವ ಸಿಬ್ಬಂದಿಯಿಂದಲೂ ಒಬ್ಬರು ಇರಲೇಬೇಕು. ಕಿಂಗ್ 1968ರ ಏಪ್ರಿಲ್ 4ರಂದು ಗುಂಡೇಟಿಗೆ ಬಲಿಯಾದದ್ದು ಮೆಂಫಿಸ್‌ನಲ್ಲಿ. ಅವರು ಅಲ್ಲಿಗೆ ಹೋಗಿದ್ದು ಮುಷ್ಕರ ಹೂಡಿದ್ದ ಸುಮಾರು 1,300 ಪೌರಕಾರ್ಮಿಕರ ಬೆಂಬಲಕ್ಕೆ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತ ಮೇಲೆ ಆ ಮುಷ್ಕರ ಶುರುವಾಗಿತ್ತು. ಇದನ್ನು ತಿಳಿದೂ ಕಿಂಗ್ ದಿನದ ಬೆಳಗಿನ ತಿಂಡಿಗೆ ಅಡುಗೆಯವರನ್ನು ರಜೆಯಿಂದ ಎಳೆದು ತಂದು, ಹೆಚ್ಚುವರಿ ಸಂಬಳವನ್ನೂ ಕೊಡದೆ ದುಡಿಸುವುದು ಯಾವ ನ್ಯಾಯ? ಸೆಪ್ಟೆಂಬರ್‌ನಲ್ಲೇ ಅವರನ್ನು ಕೇಳಿ. ಬರುವವರಿಗೆ ರಜಾದಿನದ ಸಂಬಳ ಬರೆಸಿ, ಬೇಡ ಎಂದವರನ್ನು ಬಿಟ್ಟುಬಿಡಿ. ಒಂದು ವರ್ಷ ನಮ್ಮಲ್ಲಿ ಅಧ್ಯಾಪಕರೇ ಇಡ್ಲಿ ಕುಕ್ಕರ್ ಹಿಡಿದು ನಿಂತಿದ್ದೆವು. ತಡವಾಯಿತು, ಆದರೆ ಊಟದ ಮನೆಯ ಹೆಂಗಸರು ಅತಿಥಿಗಳಾಗಿ ಕೂತು ತಿಂದರು.

ಹಣದ ಮಾತು ಬೇಗ ಮುಗಿಸುತ್ತೇನೆ. ವಿದ್ಯಾರ್ಥಿ ಸರ್ಕಾರದ (ಚುನಾಯಿತ ವಿದ್ಯಾರ್ಥಿ ಮಂಡಳಿಯ) ನಿಧಿ, ಕಾಲೇಜಿನ ಅಧ್ಯಕ್ಷರ ಕಚೇರಿ, ಒಂದೆರಡು ವಿಭಾಗಗಳು, ಈ ಮೂರೂ ಕಡೆಯಿಂದ ಸ್ವಲ್ಪ ಸ್ವಲ್ಪ ಕೇಳಿ. ಒಂದೇ ಕಡೆಯ ಹಣ ನೆಚ್ಚಿದರೆ ಅವರು ಕೈ ಎತ್ತಿದ ದಿನ ಕಾರ್ಯಕ್ರಮವೂ ನಿಲ್ಲುತ್ತದೆ. ಈಗ ಇನ್ನೊಂದು ಕಾರಣವೂ ಸೇರಿದೆ. ಕೆಲವು ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ಜನಾಂಗದವರನ್ನೂ ಒಳಗೊಳ್ಳಲು ದುಡಿಯುತ್ತಿದ್ದ ವೈವಿಧ್ಯ ಕಚೇರಿಗಳು ಮುಚ್ಚಿವೆ. ಟೆಕ್ಸಾಸ್‌ನಲ್ಲಿ ಅವನ್ನು ಮುಚ್ಚಿಸುವ ಕಾನೂನು 2024ರ ಜನವರಿ 1ರಿಂದ ಜಾರಿಯಲ್ಲಿದೆ. ಆ ಕಾನೂನು ವಿದ್ಯಾರ್ಥಿ ಸಂಘಗಳ ಚಟುವಟಿಕೆಗೂ ಅತಿಥಿ ಉಪನ್ಯಾಸಕ್ಕೂ ವಿನಾಯಿತಿ ಕೊಟ್ಟಿದೆ. ಆದರೂ ಭಯಬಿದ್ದು ಕಾರ್ಯಕ್ರಮವನ್ನೇ ಕೈಬಿಡುವವರಿದ್ದಾರೆ. ನಿಮ್ಮ ರಾಜ್ಯದ ಕಾನೂನನ್ನು ನೀವೇ ಓದಿ, ಕಾಲೇಜಿನ ವಕೀಲರನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಅಕ್ಟೋಬರ್: ನಿಮ್ಮ ಕಾಲೇಜಿನ ಸ್ವಂತ ಕಥೆ ಹುಡುಕಿ

ನನ್ನ ವೃತ್ತಿಯ ಪಕ್ಷಪಾತ ಇರಬಹುದು, ಆದರೂ ಹೇಳುತ್ತೇನೆ: ಹೊರಗಿನಿಂದ ಯಾರನ್ನಾದರೂ ಕರೆಸುವ ಮೊದಲು ಗ್ರಂಥಾಲಯದ ಹಳೆಯ ಕಡತಗಳ ಕೋಣೆಗೆ ಹೋಗಿ.

ಕೇಳಬೇಕಾದ್ದು ಇವು. 1955ರಿಂದ 1970ರವರೆಗಿನ ವಿದ್ಯಾರ್ಥಿ ಪತ್ರಿಕೆಯ ಸಂಪುಟಗಳು ಅಥವಾ ಮೈಕ್ರೋಫಿಲ್ಮ್. ಅದೇ ಕಾಲದ ವಾರ್ಷಿಕ ಸಂಚಿಕೆಗಳು. ಕಾಲೇಜಿನ ಅಧ್ಯಕ್ಷರ ಪತ್ರವ್ಯವಹಾರ. ಹಳೆಯ ಟೇಪ್ ಸುರುಳಿಗಳು. ಪತ್ರಿಕೆಯಲ್ಲಿ ಮೊದಲು ತೆರೆಯಬೇಕಾದ್ದು 1960ರ ಫೆಬ್ರವರಿ-ಮಾರ್ಚ್ ಸಂಚಿಕೆಗಳನ್ನು. ಆ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ಎಜೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್ ಎಂಬ ನಾಲ್ವರು ಕಾಲೇಜು ಹುಡುಗರು ವುಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಊಟದ ಕೌಂಟರ್‌ನಲ್ಲಿ ಕೂತು ಕಾಫಿ ಕೇಳಿದರು. ಮುಂದಿನ ವಾರಗಳಲ್ಲಿ ಉತ್ತರದ ಊರುಗಳಲ್ಲೂ ಅದೇ ಕಂಪನಿಯ ಅಂಗಡಿಗಳ ಮುಂದೆ ವಿದ್ಯಾರ್ಥಿಗಳು ಫಲಕ ಹಿಡಿದು ನಿಂತಿದ್ದರು. ನಿಮ್ಮ ಕಾಲೇಜಿನವರೂ ಅಲ್ಲಿ ಇದ್ದಿರಬಹುದು. ಆಮೇಲೆ 1968ರ ಏಪ್ರಿಲ್ ಸಂಚಿಕೆಗಳನ್ನು ನೋಡಿ.

ಹೊಗಳಿಕೆಯ ಸುದ್ದಿ ಮಾತ್ರ ಹುಡುಕಬೇಡಿ. ಮೊದಲ ಕಪ್ಪು ವಿದ್ಯಾರ್ಥಿಗೆ ಸೀಟು ಕೊಟ್ಟದ್ದು ಯಾವ ವರ್ಷ? ಅವರಿಗೆ ಹಾಸ್ಟೆಲ್ ಕೊಟ್ಟರೇ? ಊರಿನ ಕ್ಷೌರದ ಅಂಗಡಿಯಲ್ಲಿ ಅವರಿಗೆ ಕೂದಲು ಕತ್ತರಿಸುತ್ತಿದ್ದರೇ? ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿ ಮೈಕ್ರೋಫಿಲ್ಮ್ ತಿರುಗಿಸುತ್ತಾ ಕ್ಷೌರದಂಗಡಿಯ ವಿಷಯದ ಒಂದು ಓದುಗರ ಪತ್ರ ಕಂಡಳು. ಅಂಗಡಿ ಇದ್ದ ಕಟ್ಟಡದಲ್ಲಿ ಈಗ ಅವಳು ದಿನವೂ ಕಾಫಿ ಕುಡಿಯುವ ಹೋಟೆಲಿದೆ. ಪರದೆಯ ಮೇಲಿನ ಮಸುಕು ಅಕ್ಷರವನ್ನು ಬೆರಳಿನಿಂದ ಮುಟ್ಟಿ ವಿಳಾಸವನ್ನು ಎರಡು ಸಲ ಓದಿದಳು. ಆ ವರ್ಷದ ನಡಿಗೆಯ ದಾರಿಯನ್ನು ನಾವು ಆ ಬಾಗಿಲ ಮುಂದೆ ತಿರುಗಿಸಿದೆವು.

ಟೇಪ್ ಸಿಕ್ಕರೆ ಹಳೆಯ ಯಂತ್ರಕ್ಕೆ ಹಾಕಿ ಓಡಿಸಲು ಹೋಗಬೇಡಿ, ತುಂಡಾಗಬಹುದು. ಡಿಜಿಟಲ್ ಮಾಡುವ ಪರಿಣತರಿಗೆ ಕೊಡಿ. ಉತ್ತರ ಕ್ಯಾರೊಲಿನಾದ ರಾಕಿ ಮೌಂಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಕಿಂಗ್ 1962ರ ನವೆಂಬರ್ 27ರಂದು ಮಾತಾಡಿದ್ದರು. ಅದರ ಟೇಪ್ ಸುಮಾರು ಐವತ್ತು ವರ್ಷದ ಮೇಲೆ ಊರಿನ ಗ್ರಂಥಾಲಯದಲ್ಲಿ ಸಿಕ್ಕಿತು, ಡಬ್ಬಿಯ ಮೇಲೆ "ದಯವಿಟ್ಟು ಅಳಿಸಬೇಡಿ" ಎಂದು ಬರೆದಿತ್ತು. ಅದನ್ನು ಹುಡುಕುತ್ತಿದ್ದ ಪ್ರಾಧ್ಯಾಪಕರೊಬ್ಬರು ಕೇಳಿದಾಗ, ವಾಷಿಂಗ್ಟನ್‌ನಲ್ಲಿ ಜಗತ್ತು ಕೇಳಿದ "ನನಗೊಂದು ಕನಸಿದೆ" ಎಂಬ ಮಾತನ್ನು ಅದಕ್ಕೂ ಒಂಬತ್ತು ತಿಂಗಳ ಮೊದಲೇ ಅವರು ಆ ಹೈಸ್ಕೂಲಿನಲ್ಲಿ ಆಡಿದ್ದರು ಎಂದು ಖಚಿತವಾಯಿತು. ನಿಮ್ಮ ಕಪಾಟಿನಲ್ಲಿ ಏನಿದೆಯೋ ತೆರೆದು ನೋಡದೆ ಹೇಳುವಂತಿಲ್ಲ.

ಹಳೆಯ ವಿದ್ಯಾರ್ಥಿಗಳು ಬದುಕಿದ್ದರೆ ಈಗಲೇ ಮಾತಾಡಿಸಿ. 1960ರಲ್ಲಿ ಇಪ್ಪತ್ತು ವರ್ಷದವರಿಗೆ ಈಗ ಎಂಬತ್ತೈದು ದಾಟಿದೆ. ಧ್ವನಿಮುದ್ರಣಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ, ಬೇಡವೆಂದ ಭಾಗ ತೆಗೆಯುವ ಹಕ್ಕು ಅವರದೇ ಎಂದು ಅದರಲ್ಲಿ ಬರೆಯಿರಿ.

ನವೆಂಬರ್: ಯಾವ ಕಿಂಗ್ ಬಗ್ಗೆ ಮಾತಾಡುತ್ತೀರಿ?

ಇಂದು ಎಲ್ಲರಿಗೂ ಪ್ರಿಯವಾಗಿರುವ ಕಿಂಗ್ ಬದುಕಿದ್ದಾಗ ಹಾಗಿರಲಿಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63 ಶೇಕಡ ಅಮೆರಿಕನ್ನರು ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದಿದ್ದರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕ್‌ನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದಾಗ ಜೊತೆಗಿದ್ದವರೂ ದೂರ ಸರಿದರು. ಕೊನೆಯ ವರ್ಷ ಅವರು ಬಡವರ ಚಳವಳಿ ಕಟ್ಟುತ್ತಿದ್ದರು. ಭಾಷಣಕಾರರನ್ನು ಆರಿಸುವಾಗ ಈ ಕಿಂಗ್ ಬಗ್ಗೆಯೂ ಬಲ್ಲವರನ್ನು ಆರಿಸಿ. ದುಬಾರಿ ಹೆಸರುಗಳ ಹಿಂದೆ ಹೋಗುವ ಅಗತ್ಯವಿಲ್ಲ. ನಿಮ್ಮ ಊರಲ್ಲೇ ಬಾಡಿಗೆ ಮನೆಗಳ ಹಕ್ಕಿಗೆ, ಶಾಲೆಗಳ ಸುಧಾರಣೆಗೆ ದುಡಿಯುತ್ತಿರುವ ವಕೀಲರೋ ಶಿಕ್ಷಕಿಯೋ ಸಿಕ್ಕೇ ಸಿಗುತ್ತಾರೆ.

ಒಂದು ಎಚ್ಚರಿಕೆ. ಕಿಂಗ್ ಅವರ ಭಾಷಣಗಳ ಹಕ್ಕುಸ್ವಾಮ್ಯ ಅವರ ಕುಟುಂಬದ ಸಂಸ್ಥೆಯ ಬಳಿ ಇದೆ, ಅವರು ಅದನ್ನು ಗಟ್ಟಿಯಾಗಿ ಕಾಯುತ್ತಾರೆ. 1963ರ ವಾಷಿಂಗ್ಟನ್ ಭಾಷಣದ ಇಡೀ ವಿಡಿಯೊವನ್ನು ಕಾಲೇಜಿನ ಜಾಲತಾಣಕ್ಕೆ ಹಾಕುವುದು, ಮುದ್ರಿಸಿ ಮಾರುವುದು ಅನುಮತಿ ಇಲ್ಲದೆ ಆಗದು. ಪ್ರದರ್ಶನಕ್ಕೆ ಗ್ರಂಥಾಲಯ ಪರವಾನಗಿ ಪಡೆದಿದೆಯೇ ಎಂದು ಕೇಳಿ.

ಓದಿಸುವುದಕ್ಕೆ ನಾನು ಸದಾ ಆರಿಸುವುದು 1963ರ ಏಪ್ರಿಲ್ 16ರ ದಿನಾಂಕ ಹೊತ್ತ, ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಅವರು ಬರೆದ ಪತ್ರವನ್ನು. ಅಹಿಂಸಾ ಹೋರಾಟಕ್ಕೆ ನಾಲ್ಕು ಹೆಜ್ಜೆ ಎಂದು ಅದರಲ್ಲಿ ಹೇಳುತ್ತಾರೆ: ಅನ್ಯಾಯ ಇದೆಯೇ ಎಂದು ಸಂಗತಿಗಳನ್ನು ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ, ಆಮೇಲೆ ನೇರ ಕ್ರಮ. ಬೀದಿಗಿಳಿಯುವುದು ನಾಲ್ಕನೆಯದು, ಅದಕ್ಕೆ ಮೊದಲು ಮೂರು ಮೆಟ್ಟಿಲು ಹತ್ತಬೇಕು. ಮೂರನೆಯದರ ಬಗ್ಗೆ ಅವರು ಬರೆದದ್ದನ್ನು ಓದುವಾಗ ತರಗತಿ ಮೌನವಾಗುತ್ತದೆ. ಏಟು ಬಿದ್ದರೆ ತಿರುಗಿ ಹೊಡೆಯದೆ ಇರಬಲ್ಲೆಯಾ, ಜೈಲಿನ ಕಷ್ಟ ತಡೆಯಬಲ್ಲೆಯಾ ಎಂದು ಕಾರ್ಯಕರ್ತರು ತಮ್ಮನ್ನು ತಾವೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದರಂತೆ.

ತರಬೇತಿ: ಇಡೀ ಆಚರಣೆಯ ಜೀವ ಇಲ್ಲಿದೆ

ಉಳಿದದ್ದೆಲ್ಲ ಬಿಟ್ಟುಹೋದರೂ ಇದನ್ನು ಬಿಡಬೇಡಿ. ಅಹಿಂಸೆ ಎಂದರೆ ಒಳ್ಳೆಯ ಸ್ವಭಾವ ಎಂದು ನಾವು ತಿಳಿದಿರುತ್ತೇವೆ. ಆ ಚಳವಳಿಯ ವಿದ್ಯಾರ್ಥಿಗಳು ಅದನ್ನು ಈಜಿನ ಹಾಗೆ, ಸಂಗೀತದ ಹಾಗೆ, ಅಭ್ಯಾಸ ಮಾಡಿ ಕಲಿತರು.

ಕಲಿಸಿದವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ಜೈಲು ಕಂಡು, ಆಮೇಲೆ 1953ರಿಂದ 1956ರವರೆಗೆ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದವರು. 1957ರಲ್ಲಿ ಓಬರ್ಲಿನ್ ಕಾಲೇಜಿನಲ್ಲಿ ಕಿಂಗ್ ಅವರನ್ನು ಭೇಟಿಯಾದಾಗ, ತಡಮಾಡದೆ ದಕ್ಷಿಣಕ್ಕೆ ಬನ್ನಿ ಎಂದು ಕಿಂಗ್ ಕರೆದರು. ಲಾಸನ್ ನ್ಯಾಶ್‌ವಿಲ್‌ಗೆ ಹೋಗಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಒಂದು ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಫಿಸ್ಕ್ ವಿಶ್ವವಿದ್ಯಾಲಯದ ಡಯಾನ್ ನ್ಯಾಶ್, ದೇವಶಾಸ್ತ್ರದ ವಿದ್ಯಾರ್ಥಿಗಳಾದ ಜಾನ್ ಲೂಯಿಸ್, ಬರ್ನಾರ್ಡ್ ಲಫಯೆಟ್ ಮೊದಲಾದವರು ವಾರವಾರ ಸೇರುತ್ತಿದ್ದರು. ಕೆಲವರು ಊಟಕ್ಕೆ ಕೂತವರಾಗಿ, ಕೆಲವರು ದಾಳಿ ಮಾಡುವ ಬಿಳಿಯರಾಗಿ ನಟಿಸುತ್ತಿದ್ದರು. ಬೈಗುಳ, ನೂಕಾಟ, ಮುಖಕ್ಕೆ ಸಿಗರೇಟಿನ ಹೊಗೆ ಎಲ್ಲವೂ ಇತ್ತು. ಗ್ರೀನ್ಸ್‌ಬರೊದ ಸುದ್ದಿ ಬಂದಾಗ ಇವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ತಯಾರಾಗಿದ್ದರು. 1960ರ ಫೆಬ್ರವರಿ 13ರಂದು ನ್ಯಾಶ್‌ವಿಲ್‌ನ ಅಂಗಡಿಗಳಲ್ಲಿ ಕೂತರು. 27ರಂದು ಏಟೂ ತಿಂದರು, ಬಂಧನಕ್ಕೂ ಒಳಗಾದರು. ಮಾರ್ಚ್‌ನಲ್ಲಿ ವ್ಯಾಂಡರ್‌ಬಿಲ್ಟ್ ಲಾಸನ್ ಅವರನ್ನು ಹೊರಹಾಕಿತು. ಏಪ್ರಿಲ್ 19ರಂದು ವಿದ್ಯಾರ್ಥಿಗಳ ವಕೀಲ ಲೂಬಿಯವರ ಮನೆಗೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಮಾತಿಲ್ಲದೆ ಪುರಭವನದವರೆಗೆ ನಡೆದರು. ಮೆಟ್ಟಿಲ ಮೇಲೆ ಡಯಾನ್ ನ್ಯಾಶ್ ಮೇಯರ್ ಬೆನ್ ವೆಸ್ಟ್ ಅವರನ್ನು ನೇರವಾಗಿ ಕೇಳಿದಾಗ, ಊಟದ ಕೌಂಟರ್‌ಗಳಲ್ಲಿ ಭೇದ ಸರಿಯಲ್ಲ ಎಂದು ಅವರು ಒಪ್ಪಿಕೊಂಡರು. ಮೇ 10ಕ್ಕೆ ಕೌಂಟರ್‌ಗಳು ಎಲ್ಲರಿಗೂ ತೆರೆದವು. ನಡುವೆ ಕಿಂಗ್ ಫಿಸ್ಕ್‌ಗೆ ಬಂದು, ನಾನು ನಿಮಗೆ ಸ್ಫೂರ್ತಿ ಕೊಡಲು ಬಂದಿಲ್ಲ, ಪಡೆಯಲು ಬಂದಿದ್ದೇನೆ ಎಂದರು.

ಲೂಯಿಸ್ ಮತ್ತು ಲಫಯೆಟ್ ಆಗ ಬರೆದುಕೊಟ್ಟ ನಿಯಮದ ಚೀಟಿ ನಿಮ್ಮ ತರಬೇತಿಯ ಪಠ್ಯವಾಗಲಿ. ಬೈದರೂ ಹೊಡೆದರೂ ತಿರುಗಿ ಬೀಳಬೇಡ. ಜೋರಾಗಿ ನಗಬೇಡ. ನಾಯಕರು ಹೇಳುವವರೆಗೆ ಜಾಗ ಬಿಡಬೇಡ. ಬಾಗಿಲಿಗೆ, ಓಡಾಡುವ ದಾರಿಗೆ ಅಡ್ಡ ನಿಲ್ಲಬೇಡ. ಸೌಜನ್ಯ ಬಿಡಬೇಡ. ನೆಟ್ಟಗೆ ಕೂರು, ಮುಖ ಕೌಂಟರ್ ಕಡೆ ಇರಲಿ. ಕೊನೆಯಲ್ಲಿ ಏಸು, ಗಾಂಧಿ, ಕಿಂಗ್ ಅವರ ಬೋಧನೆ ನೆನಪಿಡು ಎಂದಿದೆ.

ಈಗ ನಿಮ್ಮ ತರಬೇತಿ. ಒಂದು ತಂಡಕ್ಕೆ 24 ಜನ, ಮೂರು ಗಂಟೆ, ಅನುಭವ ಇರುವ ಇಬ್ಬರು ನಡೆಸುವವರು, ಬಾಗಿಲ ಹೊರಗೆ ಒಬ್ಬ ಆಪ್ತಸಮಾಲೋಚಕರು. ಮೊದಲ 40 ನಿಮಿಷ ಮೇಲಿನ ಕಥೆ ಹೇಳಿ, ನಿಯಮದ ಚೀಟಿಯನ್ನು ಒಬ್ಬೊಬ್ಬರು ಒಂದೊಂದು ಸಾಲಿನಂತೆ ಗಟ್ಟಿಯಾಗಿ ಓದಿ. ಇದರಲ್ಲಿ ನನಗೆ ಯಾವುದು ಕಷ್ಟ ಎಂದು ಪ್ರತಿಯೊಬ್ಬರೂ ಒಂದು ಕಾಗದದಲ್ಲಿ ಬರೆಯಲಿ. ಬಹುಪಾಲು ಜನ ತಿರುಗಿ ಬೀಳದೆ ಇರುವುದು ಕಷ್ಟ ಎನ್ನುತ್ತಾರೆ. ಅಭಿನಯ ಮುಗಿದ ಮೇಲೆ ಕೇಳಿದರೆ ಸೌಜನ್ಯ ಉಳಿಸಿಕೊಳ್ಳುವುದು ಇನ್ನೂ ಕಷ್ಟ ಎನ್ನುತ್ತಾರೆ.

ಅಭಿನಯಕ್ಕೆ 1960ರ ಊಟದ ಕೌಂಟರನ್ನೇ ಮತ್ತೆ ಕಟ್ಟಬೇಡಿ. ಒಂದು ವರ್ಷ ನಾವು ಆ ತಪ್ಪು ಮಾಡಿದೆವು. ಸ್ಟೂಲಿನ ಮೇಲೆ ಕೂತಿದ್ದ ಕಪ್ಪು ವಿದ್ಯಾರ್ಥಿನಿಗೆ ಅವಳ ಗೆಳೆಯರೇ ಸುತ್ತ ನಿಂತು ಕೂಗಿದಾಗ ಅದು ನಾಟಕವಾಗಿ ಉಳಿಯಲಿಲ್ಲ. ಅವಳು ಎದ್ದು ಹೋದಳು, ತಿಂಗಳು ಕಳೆದರೂ ನಮ್ಮ ಸಭೆಗಳಿಗೆ ಬರಲಿಲ್ಲ. ಅವಳ ಅಜ್ಜಿಯ ಮೇಲೆ ನಡೆದದ್ದನ್ನು ಅವಳ ಮೇಲೆ ಮತ್ತೆ ನಡೆಸುವ ಹಕ್ಕು ನಮಗಿರಲಿಲ್ಲ. ಅಂದಿನಿಂದ ಇಂದಿನ ಸನ್ನಿವೇಶ ಮಾತ್ರ ತೆಗೆದುಕೊಳ್ಳುತ್ತೇವೆ: ಬಸ್ಸಿನಲ್ಲಿ ತಲೆವಸ್ತ್ರ ಧರಿಸಿದ ಮಹಿಳೆಯ ಮೇಲೆ ಒಬ್ಬ ರೇಗುತ್ತಿದ್ದಾನೆ, ನೀವು ಎದುರು ಸೀಟಿನಲ್ಲಿದ್ದೀರಿ. ಬೈಗುಳದ ಪದಗಳಿಲ್ಲ, ಮೈ ಮುಟ್ಟುವಂತಿಲ್ಲ. ಪಾತ್ರ ಯಾರದ್ದೆಂದು ಚೀಟಿ ಎತ್ತಿ, ಬೇಡ ಎನ್ನಲು ಎಲ್ಲರಿಗೂ ಅವಕಾಶ ಕೊಡಿ. "ನಿಲ್ಲಿಸಿ" ಎಂದು ಯಾರು ಅಂದರೂ ನಿಲ್ಲಬೇಕು.

ದೃಶ್ಯ ಮೂರೇ ನಿಮಿಷ. ಮೊದಲು ಮೈಗೆ ಕಲಿಸಿ: ಪಾದ ನೆಲಕ್ಕೆ ಊರಿರಲಿ, ಕೈ ಬಿಚ್ಚಿರಲಿ, ದನಿ ತಗ್ಗಿರಲಿ, ಉಸಿರು ನಿಧಾನವಾಗಿರಲಿ. ರೇಗುವವನ ಹತ್ತಿರ ಹೋಗದೆ ಆ ಮಹಿಳೆಯ ಪಕ್ಕ ಹೋಗಿ ಕೂತು, ಅವಳೊಂದಿಗೇ ಮಾತಾಡಿ. ಕಾಗದದ ಮೇಲೆ ಇದು ಸುಲಭ. ಕಳೆದ ಸಲ ಎತ್ತರದ, ಬಲವಾದ ಒಬ್ಬ ಹುಡುಗ ಆ ಸೀಟಿನಲ್ಲಿ ಕೂತಿದ್ದ. ಎರಡನೇ ನಿಮಿಷಕ್ಕೆ ಅವನ ಕಿವಿ ಕೆಂಪಾಯಿತು, ಕುರ್ಚಿಯ ಅಂಚು ಹಿಡಿದ ಬೆರಳ ಗೆಣ್ಣುಗಳು ಬಿಳಿಚಿದವು. ಗಂಟೆ ಬಾರಿಸಿದ ಮೇಲೂ ಕೈ ಬಿಡಿಸಿಕೊಳ್ಳಲು ಅವನಿಗೆ ಕೆಲವು ಗಳಿಗೆ ಬೇಕಾಯಿತು. "ಅವರು ಇದನ್ನು ಗಂಟೆಗಟ್ಟಲೆ ಮಾಡಿದರಾ?" ಎಂದು ಮಾತ್ರ ಕೇಳಿದ.

ಗಂಟೆ ಬಾರಿಸಿದ ನಂತರ ಒಂದು ನಿಮಿಷ ಮೌನ, ಆಮೇಲೆ 15 ನಿಮಿಷ ಮಾತು. ಮೊದಲು ಕೂತಿದ್ದವರು, ಆಮೇಲೆ ರೇಗಿದ ಪಾತ್ರದವರು, ಕೊನೆಗೆ ನೋಡಿದವರು. ರೇಗುವ ಪಾತ್ರ ಮಾಡಿದವರ ಮಾತನ್ನು ಗಮನವಿಟ್ಟು ಕೇಳಿ. ಎದುರಿನವರು ಶಾಂತವಾಗಿದ್ದಾಗ ತಮಗೆ ಮಾತು ಮುಂದುವರಿಸಲು ಆಗಲಿಲ್ಲ ಎಂದು ಅವರ ಬಾಯಲ್ಲೇ ಬರುತ್ತದೆ.

ಸೋಮವಾರ

ದಿನವನ್ನು ತುಂಬಿ ತುರುಕಬೇಡಿ. ಬೆಳಿಗ್ಗೆ ತಿಂಡಿ, ಒಂದು ಕಿಲೋಮೀಟರ್‌ಗೆ ಮೀರದ ನಡಿಗೆ, ಮಧ್ಯಾಹ್ನದವರೆಗೆ ಸೇವೆ, ಸಂಜೆ ಸಭೆ. ಇಷ್ಟು ಸಾಕು.

ನಡಿಗೆಗೆ ಊರಿನ ಆಡಳಿತದ ಅನುಮತಿ ನವೆಂಬರ್‌ನಲ್ಲೇ ಪಡೆಯಿರಿ. ಉತ್ತರದ ರಾಜ್ಯಗಳಲ್ಲಿ ಜನವರಿ ಎಂದರೆ ಹಿಮ. ಗಾಲಿಕುರ್ಚಿ ಹೋಗುವಂತೆ ದಾರಿಗೆ ಉಪ್ಪು ಹಾಕಿಸಬೇಕು, ತೀರಾ ಚಳಿಯಾದರೆ ಒಳಾಂಗಣದ ಬದಲಿ ದಾರಿ ಇರಬೇಕು. ಮೇಣದ ಬತ್ತಿ ಗಾಳಿಗೆ ನಿಲ್ಲುವುದಿಲ್ಲ, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳಲ್ಲಿ ಇಟ್ಟರೆ ನಿಲ್ಲುತ್ತದೆ. ನ್ಯಾಶ್‌ವಿಲ್‌ನವರಂತೆ ಒಂದಿಷ್ಟು ದೂರವಾದರೂ ಮಾತಿಲ್ಲದೆ ನಡೆಯಿರಿ. ಹಿಮದ ಮೇಲೆ ನೂರಾರು ಬೂಟುಗಳ ಸದ್ದು ಮಾತ್ರ ಕೇಳಿಸುವ ಆ ಹತ್ತು ನಿಮಿಷ ಯಾವ ಭಾಷಣಕ್ಕಿಂತಲೂ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತದೆ.

1994ರ ಕಾನೂನು ಈ ರಜೆಯನ್ನು ಸೇವೆಯ ದಿನವೆಂದೂ ಕರೆಯಿತು. ಅದು ಒಳ್ಳೆಯದೇ. ಆದರೆ ಬಣ್ಣ ಬೇಡದ ಗೋಡೆಗೆ ವರ್ಷವರ್ಷ ಬಣ್ಣ ಬಳಿದು ಬರುವುದು ಸೇವೆಯಲ್ಲ. ಅಕ್ಟೋಬರ್‌ನಲ್ಲೇ ಆಹಾರ ಭಂಡಾರಕ್ಕೋ ಶಾಲೆಗೋ ಹೋಗಿ ಏನು ಬೇಕೆಂದು ಕೇಳಿ. ಹತ್ತು ಜನ ಮಾತ್ರ ಬೇಕು, ಆದರೆ ಮೇ ತಿಂಗಳವರೆಗೆ ವಾರಕ್ಕೊಮ್ಮೆ ಬೇಕು ಎಂದರೆ ಅದನ್ನೇ ಒಪ್ಪಿಕೊಳ್ಳಿ.

ವೀಸಾ ಮೇಲೆ ಇರುವವರಿಗೆ ಒಂದು ಮಾತು. ಕಿಂಗ್ ದಿನದಂದು ಮತದಾರರ ನೋಂದಣಿಯ ಮೇಜು ಹಾಕುವುದು ವಾಡಿಕೆ. ಅಮೆರಿಕದ ಪೌರತ್ವ ಇಲ್ಲದವರು ಆ ಫಾರಂ ಅನ್ನು ತಪ್ಪಿಯೂ ತುಂಬಬಾರದು. ತಿಳಿಯದೆ ತುಂಬಿದರೂ ಮುಂದೆ ವಲಸೆ ಅರ್ಜಿಗೆ ದೊಡ್ಡ ತೊಡಕಾಗುತ್ತದೆ. ಮೇಜಿನಲ್ಲಿ ಸಹಾಯಕ್ಕೆ ಕೂರುವ ಮೊದಲೂ, ಬಂಧನ ಆಗಬಹುದಾದ ಯಾವುದೇ ಪ್ರತಿಭಟನೆಗೆ ಮೊದಲೂ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ.

ನಮ್ಮ ಪಾಲು ಯಾವುದು

ಸಮಿತಿಯವರು ಭಾರತೀಯರನ್ನು ಕಂಡ ಕೂಡಲೇ ಗಾಂಧಿ ಬಗ್ಗೆ ಮಾತಾಡಿ ಎನ್ನುತ್ತಾರೆ. ಮಾತಾಡಿ, ಆದರೆ ಎರಡೂ ಕಡೆಯ ಓಡಾಟವನ್ನು ಹೇಳಿ. 1936ರಲ್ಲಿ ಬಾರ್ಡೋಲಿಯಲ್ಲಿ ಅಮೆರಿಕದ ಕಪ್ಪು ಪಾದ್ರಿ ಹೋವರ್ಡ್ ಥರ್ಮನ್ ಗಾಂಧಿಯನ್ನು ಕಂಡಾಗ, ಅಹಿಂಸೆಯ ಕಲಬೆರಕೆಯಿಲ್ಲದ ಸಂದೇಶ ಜಗತ್ತಿಗೆ ಮುಟ್ಟುವುದು ಬಹುಶಃ ನಿಮ್ಮ ಜನರಿಂದಲೇ ಎಂದು ಗಾಂಧಿ ಹೇಳಿದ್ದರು. ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷ ಬೆಂಜಮಿನ್ ಮೇಸ್ ಕೂಡ ಗಾಂಧಿಯನ್ನು ಭೇಟಿಯಾಗಿ ಬಂದವರೇ.

ಕನ್ನಡ ನಾಡಿನವರು ಹೆಮ್ಮೆಯಿಂದ ಹೇಳಬಹುದಾದ ಕಥೆಯೊಂದಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಲೂಸಿಯಾನದಲ್ಲಿ ಟಿಕೆಟ್ ತಪಾಸಣೆಯವನು ಬಿಳಿಯರ ಡಬ್ಬಿಯಿಂದ ಎದ್ದು ಹೋಗುವಂತೆ ಹೇಳಿದ. ಅವರು ಏಳಲಿಲ್ಲ. ಆಮೇಲೆ ಅವನಿಗೆ ಇವರು ಹೊರದೇಶದವರು ಎಂಬ ಅನುಮಾನ ಬಂದು ಯಾವ ದೇಶ ಎಂದು ವಿಚಾರಿಸಿದ. ಭಾರತ ಎಂದಿದ್ದರೆ ಸುಲಭವಾಗಿ ಪಾರಾಗಬಹುದಿತ್ತು. ತಾನು ಬಣ್ಣದ ಹೆಂಗಸು, ಇಲ್ಲಿಂದ ಏಳುವ ಉದ್ದೇಶವಿಲ್ಲ ಎಂದು ಉತ್ತರಿಸಿದರು. ಅವನು ಸುಮ್ಮನಾದ. ರೋಸಾ ಪಾರ್ಕ್ಸ್ ಅವರ ಬಂಧನಕ್ಕೂ ಹದಿನಾಲ್ಕು ವರ್ಷ ಮೊದಲಿನ ಮಾತಿದು.

ಹೆಮ್ಮೆಯ ಜೊತೆ ಇನ್ನೊಂದನ್ನೂ ಹೇಳಬೇಕು. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಯ ಮುಖ್ಯಸ್ಥರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರು. ಮೊದಲು ಕಸಿವಿಸಿಯಾಯಿತು, ಯೋಚಿಸಿದಾಗ ಹೌದು ಎನಿಸಿತು ಎಂದು ಕಿಂಗ್ ಆಮೇಲೆ ಹೇಳಿಕೊಂಡರು. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು ಎರಡು ಜನರ ನೋವಿನ ಸಾಮ್ಯ ಹೇಳಿದ್ದರು. ಬ್ರ್ಯಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ಜಾತಿ ತಾರತಮ್ಯವನ್ನು ತಮ್ಮ ನಿಯಮಗಳಲ್ಲಿ ನಿಷೇಧಿಸಿದವು. ಕಿಂಗ್ ದಿನಕ್ಕೆ ಗಾಂಧಿಯ ಚಿತ್ರ ಹಿಡಿದು ಬರುವ ನಮ್ಮ ಸಂಘಗಳಲ್ಲಿ ಅಡ್ಡಹೆಸರು ಕೇಳಿ ಊರು ಕೇಳಿ ಜಾತಿ ಅಳೆಯುವುದು ನಿಂತಿದೆಯೇ? ಬಾಡಿಗೆಗೆ ಜೊತೆಗಾರ ಬೇಕು ಎಂಬ ಜಾಹೀರಾತಿನಲ್ಲಿ "ಶುದ್ಧ ಸಸ್ಯಾಹಾರಿ ಕುಟುಂಬದವರು" ಎಂದು ಬರೆಯುವಾಗ ನಾವು ಯಾರನ್ನು ಹೊರಗಿಡುತ್ತಿದ್ದೇವೆ? ಸಂಜೆಯ ಸಭೆಯಲ್ಲಿ ನಮಗೆ ಹತ್ತು ನಿಮಿಷ ಸಿಕ್ಕರೆ ಐದನ್ನು ಇದಕ್ಕೆ ಕೊಡೋಣ.

ಫೆಬ್ರವರಿಯಿಂದ ಏಪ್ರಿಲ್

ಸೋಮವಾರ ಸಂಜೆಯ ಸಭೆ ಮುಗಿಯುವ ಮೊದಲು ಎರಡನೇ ತರಬೇತಿಯ ತಾರೀಕು ಹೇಳಿಬಿಡಿ. ಫೆಬ್ರವರಿ 1 ಗ್ರೀನ್ಸ್‌ಬರೊ ದಿನ. ಫೆಬ್ರವರಿ 8 ಆರೆಂಜ್‌ಬರ್ಗ್‌ನ ದಿನ. 1968ರಲ್ಲಿ ದಕ್ಷಿಣ ಕ್ಯಾರೊಲಿನಾ ಸ್ಟೇಟ್ ಕಾಲೇಜಿನ ಆವರಣದಲ್ಲಿ ಪೊಲೀಸರ ಗುಂಡಿಗೆ ಮೂವರು ಯುವಕರು ಸತ್ತರು. ಆ ಕಾಲೇಜು ಪ್ರತಿ ವರ್ಷ ಅವರನ್ನು ನೆನೆಯುತ್ತದೆ, ಉಳಿದ ಕಾಲೇಜುಗಳಿಗೆ ಅವರ ನೆನಪಿಲ್ಲ.

ತರಬೇತಿ ಪಡೆದ ತಂಡ ಈಗ ಕಿಂಗ್ ಅವರ ಜೈಲಿನ ಪತ್ರದ ನಾಲ್ಕು ಹೆಜ್ಜೆಗಳಲ್ಲಿ ಮೊದಲ ಎರಡನ್ನು ತಮ್ಮ ಕಾಲೇಜಿನಲ್ಲೇ ಇಡಲಿ. ಒಂದೇ ವಿಷಯ ಆರಿಸಿ. ನಮ್ಮಲ್ಲಿ ಒಂದು ವರ್ಷ ಆರಿಸಿದ್ದು ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿ ಮನೆಗೆ ಹೋಗುವ ಹೊತ್ತಿಗೆ ಬಸ್ಸಿಲ್ಲದ ವಿಷಯ. ಆರು ವಾರ ಸಂಗತಿ ಕಲೆಹಾಕಿದರು: ಎಷ್ಟು ಜನ, ಎಷ್ಟು ದೂರ, ಕೊನೆಯ ಬಸ್ ಎಷ್ಟಕ್ಕೆ. ಆಮೇಲೆ ಆಡಳಿತದವರೊಂದಿಗೆ ಮೂರು ಸಲ ಕೂತು ಮಾತಾಡಿದರು. ಏಪ್ರಿಲ್ ಹೊತ್ತಿಗೆ ಕಾಲೇಜಿನ ವ್ಯಾನ್ ರಾತ್ರಿ ಹನ್ನೆರಡೂವರೆಗೆ ಇನ್ನೊಂದು ಸುತ್ತು ಹೋಗತೊಡಗಿತು.

ಏಪ್ರಿಲ್ 4ರಂದು ಸಮಿತಿ ಕೊನೆಯ ಸಲ ಸೇರಿ ಒಂದು ಕಡತ ಕಟ್ಟಿಡಲಿ. ವಿದ್ಯಾರ್ಥಿಗಳು ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ, ಕಡತವಿಲ್ಲದಿದ್ದರೆ ಪ್ರತಿ ಸಮಿತಿಯೂ ಮೊದಲಿನಿಂದ ಶುರುಮಾಡಬೇಕು. ಅನುಮತಿ ಪತ್ರಗಳ ಪ್ರತಿ, ಖರ್ಚಿನ ಲೆಕ್ಕ, ತರಬೇತಿಯಲ್ಲಿ ಏನು ಕೆಟ್ಟಿತು ಎಂಬ ಟಿಪ್ಪಣಿ, ಮಾತಾಡಿಸಿದ ಹಿರಿಯರ ಧ್ವನಿಮುದ್ರಣ ಎಲ್ಲಿದೆ ಎಂಬ ವಿವರ, ನಿಯಮದ ಚೀಟಿಯ 24 ಪ್ರತಿ. ಒಂದು ಪ್ರತಿ ಗ್ರಂಥಾಲಯಕ್ಕೆ ಕೊಡಿ. ಸೆಪ್ಟೆಂಬರ್ ಮೊದಲ ವಾರದ ಸಭೆಗೆ ಕೋಣೆಯನ್ನು ಅಂದೇ ಕಾಯ್ದಿರಿಸಿ, ತಾರೀಕನ್ನು ಕಡತದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.